ಗಾಜಿನ ಡೊಂಕು

ಫೆಬ್ರವರಿ 3, ಸೋಮವಾರ

ಇಂದು ಬೆಳಗಿನ ಪಾಳಿಯ ಗಾಜುಗಳಲ್ಲಿ ಅರ್ಧದಷ್ಟನ್ನು ತಿರಸ್ಕರಿಸಿದೆ. ಎಲ್ಲದರಲ್ಲಿಯೂ ಒಂದೇ ದೋಷ, ಒಂದೇ ಜಾಗದಲ್ಲಿ: ನಡುವಿನಿಂದ ತುಸು ಬಲಕ್ಕೆ, ಕೆಳಗೆ, ಪಟ್ಟೆಗಳು ಒಳಕ್ಕೆ ಬಾಗುತ್ತವೆ. ಎಲ್ಲ ಗಾಜುಗಳಲ್ಲಿಯೂ ದೋಷ ಒಂದೇ ಜಾಗದಲ್ಲಿದ್ದರೆ ಅದರ ಕಾರಣವೂ ಒಂದೇ ಇರಬೇಕು. ಕಾರಣ ಕುಲುಮೆಯಲ್ಲಿದೆ.

ಪರೀಕ್ಷೆಯ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ. ಈಚೆಗೆ ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಮರೆತಂತಿದೆ. ವಾಹನದ ಮುಂಗಾಜು ತಯಾರಾಗಿ ಬಂದೊಡನೆ ಅದನ್ನು ರಬ್ಬರಿನ ಅಂಚುಳ್ಳ ಚೌಕಟ್ಟಿನಲ್ಲಿ ನಿಲ್ಲಿಸುತ್ತಾರೆ. ಹಿಂದಿನ ಗೋಡೆಯ ಮೇಲೆ ಕಪ್ಪು ಬಿಳುಪು ಪಟ್ಟೆಗಳ ದೊಡ್ಡ ಹಲಗೆ. ನಾನು ಈಚೆ ಕುರ್ಚಿಯಲ್ಲಿ ಕುಳಿತು, ಹಲಗೆಯ ನಡುವಿನ ಕೆಂಪು ಚುಕ್ಕೆಯಲ್ಲಿ ದೃಷ್ಟಿ ನೆಟ್ಟು, ಗಾಜಿನ ಮೂಲಕ ಪಟ್ಟೆಗಳನ್ನು ನೋಡುತ್ತೇನೆ. ಪಟ್ಟೆ ನೆಟ್ಟಗಿದ್ದರೆ ಗಾಜು ಪಾಸು. ಬಾಗಿದರೆ ಮೇಣದ ಬಳಪದಿಂದ ಕೆಂಪು ಅಡ್ಡಗುರುತು, ಆಮೇಲೆ ಸುತ್ತಿಗೆ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಿಂದಷ್ಟೇ ನೋಡಬೇಕೆಂದು ಕಲಿಸಿಹೋಗಿದ್ದಾರೆ. ಎರಡು ಕಣ್ಣುಗಳಿಂದ ನೋಡಿದರೆ ಎರಡು ಅಭಿಪ್ರಾಯಗಳು ಬರುತ್ತವೆ. ತೀರ್ಪು ಒಂದೇ ಇರಬೇಕು.

ಕುಲುಮೆಯ ಮುಖ್ಯಸ್ಥ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಅವನನ್ನು ಕಾರ್ಖಾನೆಯಲ್ಲಿ ಕೆಂಡಣ್ಣ ಎನ್ನುತ್ತಾರೆ, ಕೆಲಸದಿಂದಲೂ ಸ್ವಭಾವದಿಂದಲೂ. ನನ್ನನ್ನು ಅಡಿಪಟ್ಟಿ ಎನ್ನುತ್ತಾರೆ. ನನಗೆ ಅದು ತಿಳಿಯದೆಂದು ಅವರ ನಂಬಿಕೆ. ನಾನೂ ಆ ನಂಬಿಕೆಯನ್ನು ಕೆಡಿಸಿಲ್ಲ.

ಊಟದ ವೇಳೆಗೆ ಕೆಂಡಣ್ಣ ಬೆವರು ಒರೆಸಿಕೊಳ್ಳುತ್ತ ಬಂದ. “ಅಣ್ಣ, ಶನಿವಾರದವರೆಗೂ ನೆಟ್ಟಗಿದ್ದ ಗಾಜು ಇವತ್ತು ಹೇಗೆ ಡೊಂಕಾಯ್ತು? ಭಾನುವಾರ ಮಲಗಿ ಮಗ್ಗುಲು ಬದಲಾಯಿಸ್ತಾ?”

“ಹೇಳ್ತಿರೋದು ಪಟ್ಟೆ, ನಾನಲ್ಲ,” ಎಂದೆ.

“ಕುಣೀಲಾರದೋಳು ನೆಲ ಡೊಂಕು ಅಂದಳಂತೆ.”

ಗಾದೆಗೆ ಉತ್ತರ ಕೊಡುವುದು ನನ್ನ ಕರ್ತವ್ಯಗಳಲ್ಲಿ ಸೇರಿಲ್ಲ. ಮುಂದಿನ ಗಾಜು ತರಿಸಿದೆ. ಅದೂ ಡೊಂಕಾಗಿತ್ತು.

ಫೆಬ್ರವರಿ 11, ಮಂಗಳವಾರ

ಕುಲುಮೆಯ ಉರುಳೆಗಳನ್ನು ಬದಲಾಯಿಸಿದರು. ಅಚ್ಚು ಬದಲಾಯಿಸಿದರು. ಡೊಂಕು ಕದಲಲಿಲ್ಲ.

ಕೆಂಡಣ್ಣ ನನ್ನ ಕುರ್ಚಿಯಲ್ಲಿ ಕುಳಿತು ನೋಡಿ, “ನನಗೇನೂ ಕಾಣ್ತಿಲ್ಲ,” ಎಂದ. ನಿನಗೆ ಅಭ್ಯಾಸವಿಲ್ಲ ಎಂದೆ. ವ್ಯವಸ್ಥಾಪಕರು ಕುಳಿತರು. ಎಡಗಣ್ಣು ಮುಚ್ಚುವ ಬದಲು ಬಲಗಣ್ಣು ಮುಚ್ಚಿದರು; ನಾನು ತಿದ್ದಲಿಲ್ಲ. “ಹಾಂ, ಕಾಣುತ್ತೆ, ಕಾಣುತ್ತೆ. ಚೆನ್ನಾಗೇ ಕಾಣುತ್ತೆ,” ಎಂದರು. ಓದಿದವರಿಗೂ ಕುಲುಮೆಯ ಶಾಖದಲ್ಲಿ ಬೆಂದವರಿಗೂ ಇರುವ ವ್ಯತ್ಯಾಸ ಇದು.

ಫೆಬ್ರವರಿ 20, ಗುರುವಾರ

ಮೂಲಕಾರಣ ಪತ್ತೆ ಸಮಿತಿ ರಚನೆಯಾಗಿದೆ. ಹೊರಗಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದ್ದಾರೆ. ಬಿಳಿ ಬೂಟು. ಗೋಡೆಯ ಮೇಲೆ ಮೀನಿನ ಮೂಳೆಯ ಆಕಾರದ ಚಿತ್ರ ಬರೆದು, ಪ್ರತಿ ಮೂಳೆಗೆ ಒಂದೊಂದು ಕಾರಣವನ್ನು ನೇತುಹಾಕುತ್ತಾರೆ. ಸಂಜೆಯ ಹೊತ್ತಿಗೆ ಮೀನು ಭರ್ತಿಯಾಗಿತ್ತು. ಅವರು ಇನ್ನೂ ಒಂದು ಗಾಜನ್ನೂ ನೋಡಿಲ್ಲ.

ಇನ್ನೊಂದು ಸಣ್ಣ ಸಂಗತಿ. ಚೌಕಟ್ಟಿನತ್ತ ನೋಡಿ, “ಡೊಂಕು, ತೆಗೆಯಿರಿ,” ಎಂದೆ. ಗಾಜು ಎತ್ತಿಡುವ ಹೆಂಗಸು ಎರಡೂ ಕೈ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. “ಸಾರ್, ಇನ್ನೂ ಇಟ್ಟಿಲ್ಲ,” ಎಂದಳು.

ಚೆನ್ನಾಗಿ ತೊಳೆದ ಗಾಜು ಚೌಕಟ್ಟಿನಲ್ಲಿ ಇದೆಯೋ ಇಲ್ಲವೋ ಎಂಬುದು ಕುರ್ಚಿಯಿಂದ ತಿಳಿಯದು. ರಬ್ಬರಿನ ಅಂಚು ಅದರ ಅಂಚನ್ನು ಮುಚ್ಚುತ್ತದೆ. ನಾನು ತಕ್ಷಣ, “ಚೌಕಟ್ಟನ್ನೇ ನೋಡ್ತಿದ್ದೆ,” ಎಂದೆ. ಚೌಕಟ್ಟು ಡೊಂಕಾಗಿದೆಯೆಂದು ಬರೆದು, ಹೊಸ ಚೌಕಟ್ಟಿಗೆ ಬೇಡಿಕೆ ಸಲ್ಲಿಸಿದೆ. ಹೊಸದು ಸಂಜೆಗೇ ಬಂತು. ಅದೂ ಡೊಂಕಾಗಿದೆ. ಈ ಕಾರ್ಖಾನೆಯಲ್ಲಿ ನೆಟ್ಟಗಿರುವ ವಸ್ತು ಒಂದಾದರೂ ಉಳಿದಿದೆಯೇ ಎಂಬ ಚಿಂತೆ ಹತ್ತಿದೆ.

ಫೆಬ್ರವರಿ 23, ಭಾನುವಾರ

ಬಚ್ಚಲುಮನೆಯ ಬಿಲ್ಲೆಗಳ ಸಂದು ಸೊಟ್ಟಗಾಗಿದೆ. ಪಡಸಾಲೆಯ ಬಾಗಿಲ ಚೌಕಟ್ಟೂ ವಾಲಿದೆ. ಕ್ವಾರ್ಟರ್ಸ್ ಕಟ್ಟಿದ ಗುತ್ತಿಗೆದಾರನ ಕೆಲಸ ಈ ಮಟ್ಟದ್ದೆಂದು ಇಷ್ಟು ವರ್ಷ ಗಮನಿಸಿರಲಿಲ್ಲ. ಹೆಂಡತಿಗೆ ಹೇಳಿದೆ. “ಬಾಗಿಲು ನೆಟ್ಟಗೇ ಇದೆ, ತಿಂಡಿ ತಿನ್ನಿ,” ಎಂದಳು.

ವಾದಕ್ಕೆ ಬದಲು ಸಾಕ್ಷ್ಯ ಒದಗಿಸಬೇಕು. ಗಾರೆಯವರ ತೂಗುಗುಂಡನ್ನು ಹೊರತೆಗೆದು, ದಾರವನ್ನು ಚೌಕಟ್ಟಿನ ಮೇಲ್ತುದಿಯ ಮೊಳೆಗೆ ಕಟ್ಟಿ ಇಳಿಬಿಟ್ಟೆ. ಗುಂಡು ತೂಗಾಡಿ ನಿಂತಿತು. ಎಡಗಣ್ಣು ಮುಚ್ಚಿ ನೋಡಿದೆ.

ದಾರ ಬಾಗಿತ್ತು.

ಭಾರ ಕಟ್ಟಿ ಇಳಿಬಿಟ್ಟ ದಾರ ಬಾಗಲಾರದು. ಗುತ್ತಿಗೆದಾರ ಕೈಚಳಕ ತೋರಿಸಬಹುದು, ಕುಲುಮೆ ತಪ್ಪಬಹುದು. ಭೂಮಿಯ ಸೆಳೆತಕ್ಕೆ ಷಡ್ಡಕರಿಲ್ಲ.

ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ. ನೆಟ್ಟಗಿತ್ತು.

ಹೆಂಡತಿ, “ಏನ್ರೀ, ಬಾಗಿಲಿಗೆ ಕಣ್ಣು ಹೊಡೀತಾ ನಿಂತಿದ್ದೀರಿ?” ಎಂದಳು.

ಫೆಬ್ರವರಿ 25, ಮಂಗಳವಾರ

ಕಣ್ಣಿನ ಆಸ್ಪತ್ರೆ. ಪಾಪೆ ಹಿಗ್ಗಿಸುವ ಹನಿ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದರು. ಸಾಲಾಗಿ ನಾವು ಎಂಟು ಹತ್ತು ಜನ, ಕಣ್ಣು ಮುಚ್ಚಿ, ತಲೆ ಮೇಲೆತ್ತಿ, ಆಕಾಶದಿಂದ ಏನೋ ಬೀಳಲಿರುವಂತೆ.

ವೈದ್ಯೆಗೆ ನನ್ನ ಅರ್ಧದಷ್ಟು ವಯಸ್ಸಿರಬಹುದು. ಮೊದಲು ಒಂದು ಚೀಟಿ ಕೊಟ್ಟರು: ಚೌಕುಳಿ ಗೆರೆಗಳು, ನಡುವೆ ಒಂದು ಚುಕ್ಕೆ. ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನು ನೋಡಿ, ಗೆರೆ ಎಲ್ಲಿ ಬಾಗುತ್ತದೋ ಹೇಳಿ ಎಂದರು. ಅದು ನಮ್ಮ ಪಟ್ಟೆ ಹಲಗೆಯ ಮರಿ. ಇಪ್ಪತ್ತು ವರ್ಷ ನಾನು ಗಾಜನ್ನು ಕೂರಿಸಿದ ಜಾಗದಲ್ಲಿ ಇಂದು ನನ್ನನ್ನು ಕೂರಿಸಿದ್ದರು. ನಡುವಿನಿಂದ ತುಸು ಬಲಕ್ಕೆ, ಕೆಳಗೆ ಎಂದೆ.

ಆಮೇಲೆ ದೀಪ ಹಾಕಿ ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು. “ಕಣ್ಣಿನ ಹಿಂಭಾಗದಲ್ಲಿ ಉರಿಯೂತ ಇದೆ ಸಾರ್. ಅಲ್ಲಿ ರಕ್ತನಾಳ ತುಂಬಿರೋ ಒಂದು ಪದರ ಇರುತ್ತೆ, ಅದರ ಮೇಲೆ ಚಿತ್ರ ಬೀಳೋ ಪರದೆ. ಕೆಳಗಿನ ಪದರ ಊದಿಕೊಂಡು ಪರದೆ ಉಬ್ಬಿದೆ. ತೇವ ಹಿಡಿದ ಗೋಡೆ ಮೇಲೆ ಬಣ್ಣ ಏಳುತ್ತಲ್ಲ, ಹಾಗೆ. ಪರದೆ ಉಬ್ಬಿದರೆ ನೆಟ್ಟಗಿರೋ ಗೆರೆನೂ ಡೊಂಕಾಗೇ ಕಾಣೋದು.”

“ನೋವೇ ಇಲ್ಲವಲ್ಲ?”

“ಮುಂಭಾಗದಲ್ಲಾದರೆ ನೋವು, ಕೆಂಪು ಎಲ್ಲ ಇರುತ್ತೆ. ಹಿಂಭಾಗದ್ದು ಸದ್ದಿಲ್ಲದೆ ಬರುತ್ತೆ. ಅದಕ್ಕೇ ಜನ ತಡವಾಗಿ ಬರ್ತಾರೆ. ಇನ್ನೂ ತಡ ಮಾಡಿದ್ದರೆ ಕಲೆ ಉಳಿದು ನಡುವಿನ ದೃಷ್ಟಿನೇ ಹೋಗ್ತಿತ್ತು. ಮೂರು ವಾರದಿಂದ ಹೀಗೇ ಇದೆ ಅಂತೀರಿ, ಅಲ್ಲಿವರೆಗೂ ಏನ್ ಮಾಡ್ತಿದ್ರಿ?”

“ಕೆಲಸದಲ್ಲಿದ್ದೆ,” ಎಂದೆ. ಅದು ಸುಳ್ಳಲ್ಲ.

ಕಾರಣವೇನೆಂದು ಕೇಳಿದೆ. ಕ್ಷಯ ಇರಬಹುದು, ಬೇರೆ ಸೋಂಕು ಇರಬಹುದು, ಬೆಕ್ಕಿನಿಂದಲೋ ಸರಿಯಾಗಿ ಬೇಯದ ಮಾಂಸದಿಂದಲೋ ಬರುವ ಒಂದು ಪರಾವಲಂಬಿ ಜೀವಿ ಇರಬಹುದು, ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ತನ್ನ ಮೈಯ ಮೇಲೆಯೇ ಬಿದ್ದಿರಬಹುದು. ಎಲ್ಲ ಪರೀಕ್ಷೆ ಮಾಡಿದ ಮೇಲೂ ಕಾರಣ ಸಿಗದೆಯೂ ಇರಬಹುದು, ಎಷ್ಟೋ ಜನರಲ್ಲಿ ಸಿಗುವುದಿಲ್ಲ ಎಂದರು. ಇಷ್ಟು ನಿರಾಳವಾಗಿ ‘ಗೊತ್ತಿಲ್ಲ’ ಎನ್ನುವ ತಜ್ಞರನ್ನು ನಾನು ಕಂಡಿರಲಿಲ್ಲ. ನಮ್ಮ ಸಲಹೆಗಾರರಾಗಿದ್ದರೆ ಇಷ್ಟರಲ್ಲಿ ಮೀನು ತುಂಬಿಸುತ್ತಿದ್ದರು.

ಕಣ್ಣಿಗೆ ಧೂಳು ಬಿದ್ದಿದೆಯೆಂದು ಬರೆದು ರಜೆ ಹಾಕಿದೆ.

ಫೆಬ್ರವರಿ 28, ಶುಕ್ರವಾರ

ನಾನು ರಜೆ ಹಾಕಿದ ದಿನವೇ ಕೆಂಡಣ್ಣನನ್ನು ಕುಲುಮೆಯಿಂದ ತೆಗೆದು ಪ್ಯಾಕಿಂಗ್ ಶೆಡ್ಡಿಗೆ ಹಾಕಿದ್ದಾರೆ. ಸಮಿತಿಯ ವರದಿ ಬಂದ ಮೇಲೆ ಕೆಲಸದಿಂದಲೇ ತೆಗೆಯುತ್ತಾರಂತೆ. ಹಾಗಾದರೆ ಕ್ವಾರ್ಟರ್ಸ್ ಮನೆಯನ್ನೂ ಬಿಡಬೇಕು. ಸುದ್ದಿ ತಂದ ನಾದಿನಿ ಅಡುಗೆಮನೆಯಲ್ಲಿ ಅಕ್ಕನ ಹತ್ತಿರ ಅಳುತ್ತ ಕುಳಿತಿದ್ದಳು. ನನ್ನನ್ನು ಕಂಡು, “ಭಾವ, ನಿಮ್ಮ ಗಾಜು ಈಗ ನೆಟ್ಟಗಾಯ್ತಂತೆ. ಒಂದೂ ಡೊಂಕಿಲ್ಲವಂತೆ. ಸಂತೋಷ ತಾನೇ?” ಎಂದಳು.

ನಿಜ. ನನ್ನ ಕುರ್ಚಿಯಲ್ಲಿ ಈಗ ಸಹಾಯಕ ಪರೀಕ್ಷಕ ಕುಳಿತಿದ್ದಾನೆ. ಅವನಿಗೆ ಎಲ್ಲವೂ ನೆಟ್ಟಗೆ ಕಾಣುತ್ತಿದೆ. ಕೆಂಡಣ್ಣ ಕುಲುಮೆ ಬಿಟ್ಟ ದಿನವೇ ಡೊಂಕು ಮಾಯವಾದುದರಿಂದ ಕಾರಣ ಕೆಂಡಣ್ಣನೇ ಎಂದು ಸಲಹೆಗಾರರು ಸಾಧಿಸಿದ್ದಾರೆ. ತರ್ಕದಲ್ಲಿ ಲೋಪವಿಲ್ಲ. ಅದೇ ಮುಂಜಾನೆಯಿಂದ ಕಾರ್ಖಾನೆಗೆ ಇನ್ನೊಬ್ಬನೂ ಗೈರಾಗಿದ್ದ ಎಂಬುದೊಂದೇ ಮೀನಿನ ಯಾವ ಮೂಳೆಯಲ್ಲಿಯೂ ಇಲ್ಲ.

ಹೇಳಬೇಕು. ಆದರೆ ಪರೀಕ್ಷೆಗಳ ಫಲಿತಾಂಶ ಬರುವ ಮುನ್ನ ಹೇಳಿಕೆ ಕೊಡುವುದು ಅವೈಜ್ಞಾನಿಕ. ಹೇಳಿದ ದಿನವೇ ಕುರ್ಚಿ ಹೋಗುತ್ತದೆ ಎಂಬ ಸಂಗತಿಗೂ ಈ ನಿರ್ಧಾರಕ್ಕೂ ಸಂಬಂಧವಿಲ್ಲ.

ಮನೆಯಲ್ಲಿ ಕಣ್ಣೊಳಗೆ ಊತವೆಂದಷ್ಟೇ ಹೇಳಿದ್ದೆ, ಗೆರೆ ಬಾಗಿ ಕಾಣುವುದು ಅದರಿಂದಲೇ ಎಂದು ಹೇಳಿರಲಿಲ್ಲ. ರಕ್ತಪರೀಕ್ಷೆಯ ಚೀಟಿಯನ್ನು ಹೆಂಡತಿ ಜೋರಾಗಿ ಓದಿದಳು. ಒಂದು ಹೆಸರಿನ ಹತ್ತಿರ ನಿಂತಳು. ಲೈಂಗಿಕ ಸಂಪರ್ಕದಿಂದ ಹರಡುವ ಒಂದು ಹಳೆಯ ಕಾಯಿಲೆಯ ಹೆಸರು. ಈ ಊತಕ್ಕೆ ಅದೂ ಒಂದು ಕಾರಣವಾಗಬಲ್ಲದು, ಎಲ್ಲರಿಗೂ ಮಾಡಿಸುತ್ತಾರೆ ಎಂದು ವಿವರಿಸಲು ಹೊರಟೆ.

“ಬಿಡಿ, ನನಗೇನೂ ಅನುಮಾನ ಇಲ್ಲ,” ಎಂದಳು. “ಅದು ಬರಬೇಕಾದರೆ ನೀವು ಯಾರ ಹತ್ತಿರಾನಾದರೂ ಮೊದಲು ಮಾತಾಡಿರಬೇಕಲ್ಲ.”

ನಾದಿನಿ ಅಳು ನಿಲ್ಲಿಸಿ ನಕ್ಕಳು. ಆ ಮಟ್ಟಿಗೆ ನನ್ನ ಕಾಯಿಲೆಯಿಂದ ಉಪಕಾರವಾಯಿತು.

ಮಾರ್ಚ್ 5, ಬುಧವಾರ

ಎಲ್ಲ ಫಲಿತಾಂಶಗಳೂ ಬಂದವು. ಕ್ಷಯವಿಲ್ಲ. ಮೇಲೆ ಹೇಳಿದ ಕಾಯಿಲೆ ಇಲ್ಲ. ಬೆಕ್ಕು ನಿರ್ದೋಷಿ. ಸೋಂಕು ಇಲ್ಲವೆಂದು ಖಚಿತವಾದ ಮೇಲಷ್ಟೇ ಕೊಡಬಹುದಾದ ಸ್ಟೀರಾಯ್ಡ್ ಮಾತ್ರೆ ಆರಂಭ. ಸೋಂಕು ಇದ್ದವರಿಗೆ ಇದನ್ನೊಂದನ್ನೇ ಕೊಟ್ಟರೆ ಮನೆಗೆ ಬೆಂಕಿ ಬಿದ್ದಾಗ ಕಾವಲುಗಾರನನ್ನು ಮಲಗಿಸಿದಂತೆ ಎಂದರು ವೈದ್ಯೆ. ಮೊದಲು ಹೆಚ್ಚು, ಬರುಬರುತ್ತ ಕಡಿಮೆ. ತಾನಾಗಿ ನಿಲ್ಲಿಸಕೂಡದು. ಸಕ್ಕರೆ, ರಕ್ತದೊತ್ತಡ, ಕಣ್ಣಿನ ಒತ್ತಡ ನೋಡಿಕೊಳ್ಳುತ್ತಿರಬೇಕು. ಹಸಿವು ಹೆಚ್ಚಬಹುದು, ನಿದ್ರೆ ಕಡಿಮೆಯಾಗಬಹುದು, ಮನಸ್ಸಿನಲ್ಲಿ ಏರುಪೇರಾಗಬಹುದು.

ಕೊನೆಯದು ನನಗೆ ಅನ್ವಯಿಸದು ಎಂದೆ.

ಮಾರ್ಚ್ 10, ಸೋಮವಾರ

ಮನಸ್ಸಿನಲ್ಲಿ ಯಾವ ಏರುಪೇರೂ ಇಲ್ಲ; ಬದಲಿಗೆ ಇಷ್ಟು ಸ್ಪಷ್ಟವಾಗಿ ನಾನೆಂದೂ ಯೋಚಿಸಿರಲಿಲ್ಲ. ಸೂರ್ಯ ಹುಟ್ಟುವ ಮೊದಲೇ ಎದ್ದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದೆ. ಹೆಂಡತಿ ಎದ್ದು ಉಪ್ಪು ಹುಡುಕಲು ಪರದಾಡಿದಳು. ಉಪ್ಪಿನ ಡಬ್ಬಿ ಗಿಡ್ಡ, ಆದ್ದರಿಂದ ಎಡತುದಿಯಲ್ಲಿದೆ ಎಂಬ ತತ್ತ್ವವನ್ನು ವಿವರಿಸಿದೆ. ತತ್ತ್ವದಿಂದ ನಮ್ಮ ಮದುವೆಯಾದ ಹೊಸತರಲ್ಲಿ ಅವಳು ಉಟ್ಟಿದ್ದ ಹಸಿರು ಸೀರೆಗೆ ಬಂದೆ, ಅಲ್ಲಿಂದ ನಾನು ಓದುತ್ತಿದ್ದಾಗ ಗಣಿತದ ಮೇಷ್ಟ್ರು ನನ್ನನ್ನು ಹೊಗಳಿದ್ದಕ್ಕೆ, ಅಲ್ಲಿಂದ ನನಗೆ ಈಜಲು ಬಾರದೆ ಹೋದುದಕ್ಕೆ. ಎಲ್ಲವೂ ಒಂದಕ್ಕೊಂದು ಸಂಬಂಧಪಟ್ಟವೇ. ಅವಳು ಒಲೆ ಆರಿಸಿ, ಗಲ್ಲಕ್ಕೆ ಕೈಕೊಟ್ಟು ಕೂತು ಕೇಳಿದಳು. “ಇಪ್ಪತ್ತೈದು ವರ್ಷದ ಬಾಕಿ ಒಂದೇ ಬೆಳಗ್ಗೆ ತೀರಿಸ್ತಿದ್ದೀರಲ್ಲ,” ಎಂದಳು. ಆ ಹಸಿರು ಸೀರೆಯ ಅಂಚು ನನಗೆ ನೆನಪಿರುವುದನ್ನು ಅವಳು ನಂಬಲಿಲ್ಲ. ಅಂಚಿನಲ್ಲಿ ಸಾಲಾಗಿ ನಾಣ್ಯದಂಥ ಬೊಟ್ಟುಗಳಿದ್ದವು. ನೆನಪಿದೆ. ಹೇಳುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ.

ತಿಂಡಿಯನ್ನು ಎರಡು ಸಲ ತಿಂದೆ. ಪಕ್ಕದ ಮನೆಯವರಿಗೆ ಕಾಂಪೌಂಡಿನ ಆಚೆಯಿಂದಲೇ ಕಣ್ಣಿನ ರಚನೆಯನ್ನು ವಿವರಿಸಿದೆ. ಬಹಳ ಆಸಕ್ತಿಯಿಂದ ಕೇಳಿದರು. ಒಂದೆರಡು ಸಲ ಒಳಗೆ ಹೋಗಲು ಪ್ರಯತ್ನಿಸಿದರು, ಆದರೆ ವಿಷಯ ಮುಗಿದಿರಲಿಲ್ಲ. ಕಾರ್ಖಾನೆಯ ಸುಧಾರಣೆಗೆ ಹದಿನಾಲ್ಕು ಸೂತ್ರಗಳನ್ನು ಸಿದ್ಧಪಡಿಸಿದ್ದೇನೆ. ಬಚ್ಚಲಲ್ಲಿ ನಾನು ಹಾಡುತ್ತಿದ್ದೆನೆಂದು ಹೆಂಡತಿಯ ಆರೋಪ. ಲೆಕ್ಕ ಹಾಕುವಾಗ ಕೆಲವೊಮ್ಮೆ ಧ್ವನಿ ಹೊರಬರುತ್ತದೆ.

ಇಷ್ಟರ ನಡುವೆ ಎದುರು ಸಾಲಿನಲ್ಲಿ ಕೆಂಡಣ್ಣನ ಮನೆಯ ಮುಂದೆ ಖಾಲಿ ಪೆಟ್ಟಿಗೆಗಳು ಕಂಡವು. ಪ್ಯಾಕಿಂಗ್ ಶೆಡ್ಡಿನವು. ಮನೆ ಬಿಡುವ ಸಿದ್ಧತೆ ಇರಬೇಕು. ಹದಿನೈದನೆಯ ಸೂತ್ರವೊಂದು ಹೊಳೆಯಿತು, ಬರೆದುಕೊಳ್ಳಲಿಲ್ಲ.

ಮಾರ್ಚ್ 17, ಸೋಮವಾರ

ಸಮಿತಿಯ ಕೊನೆಯ ಸಭೆ. ವ್ಯವಸ್ಥಾಪಕರು, ಸಲಹೆಗಾರರು, ಕಂಪನಿಯ ಮಾಲೀಕರು. ವರದಿ ದಪ್ಪ ಹೊದಿಕೆಯೊಂದಿಗೆ ಮೇಜಿನ ಮೇಲಿತ್ತು. ಒಂದೆರಡು ಮಾತು ಹೇಳಿ ಎಂದು ನನ್ನನ್ನು ರಜೆಯಿಂದ ಕರೆಸಿದ್ದರು. ಇಪ್ಪತ್ತು ವರ್ಷಗಳಲ್ಲಿ ನಾನು ಸಭೆಗಳಲ್ಲಿ ಒಂದೆರಡು ಮಾತಿಗಿಂತ ಹೆಚ್ಚು ಆಡಿದವನಲ್ಲವಾದ್ದರಿಂದ ಅವರು ಗಡಿಯಾರ ನೋಡಿಕೊಂಡಿರಲಿಲ್ಲ.

ಮೊದಲ ಹದಿನಾಲ್ಕು ಸೂತ್ರಗಳನ್ನು ಹೇಳಿದೆ. ಮಾಲೀಕರು ನೀರು ಕುಡಿದರು. ಆಮೇಲೆ, ಯಾರೂ ಕೇಳದೆ, ನನ್ನ ಬಾಯಿಯೇ ಹೇಳಿತು: “ಇನ್ನೊಂದಿದೆ. ಗಾಜು ಡೊಂಕಾಗಿರಲಿಲ್ಲ. ನನ್ನ ಬಲಗಣ್ಣಿನ ಹಿಂದೆ ಊತ ಇದೆ. ಫೆಬ್ರವರಿಯಲ್ಲಿ ಒಡೆಸಿದ ಗಾಜಷ್ಟೂ ಒಳ್ಳೆಯ ಗಾಜು. ಗಾಜಿಲ್ಲದ ಚೌಕಟ್ಟನ್ನೂ ನಾನು ಡೊಂಕು ಅಂದಿದ್ದೇನೆ. ಕೆಂಡಣ್ಣ ಏನೂ ಮಾಡಿಲ್ಲ.”

ಅಲ್ಲಿಗೇ ನಿಲ್ಲಿಸಬಹುದಿತ್ತು. ಕರಿಹಲಗೆಗೆ ಹೋಗಿ ಕಣ್ಣಿನ ಅಡ್ಡಕೊಯ್ತದ ಚಿತ್ರ ಬರೆದೆ. ಪದರಗಳಿಗೆ ಬಣ್ಣದ ಸೀಮೆಸುಣ್ಣ ಬಳಸಿದೆ.

ಸಲಹೆಗಾರರು ವರದಿಯ ಮೇಲೆ ಅಂಗೈ ಇಟ್ಟು, ಮಗುವಿಗೆ ಜ್ವರವಿದೆಯೇ ಎಂದು ನೋಡುವವರಂತೆ ಕುಳಿತಿದ್ದರು. “ಆದರೆ ನಮಗೆ ಏಳು ಕಾರಣ ಸಿಕ್ಕಿವೆ ಸಾರ್,” ಎಂದರು. “ಡೊಂಕೇ ಇಲ್ಲದಿದ್ದರೆ ಏಳು ಕಾರಣ ಹೇಗೆ ಸಿಗ್ತಿದ್ವು?”

ಎಲ್ಲರೂ ಇದನ್ನು ಯೋಚಿಸಬೇಕಾದ ಪ್ರಶ್ನೆಯೆಂದು ಭಾವಿಸಿದರು.

ಮಾರ್ಚ್ 18, ಮಂಗಳವಾರ

ವ್ಯವಸ್ಥಾಪಕರು ಮನೆಗೇ ಬಂದರು. ಹಣ್ಣು ತಂದಿದ್ದರು. “ನಿನ್ನೆ ನೀವಲ್ಲ ಮಾತಾಡಿದ್ದು, ಮಾತ್ರೆ. ನಾನು ವಿಚಾರಿಸಿದೆ. ಈ ಔಷಧಿ ತಗೊಂಡವರು ಕೆಲವರು ಹಾಗೇ ಆಡ್ತಾರಂತೆ. ಗಿರಾಕಿಗಳಿಗೆಲ್ಲ ಕುಲುಮೆ ತಪ್ಪಿತ್ತು, ಸರಿಪಡಿಸಿದ್ದೀವಿ ಅಂತ ಆಗಲೇ ಹೇಳಿಯಾಗಿದೆ. ಈಗ ತಪ್ಪೇ ಇರಲಿಲ್ಲ ಅಂದರೆ ಏನನ್ನ ಸರಿಪಡಿಸಿದಿರಿ ಅಂತ ಕೇಳ್ತಾರೆ. ಮಾತ್ರೆ ಮುಗೀಲಿ. ಆಮೇಲೆ ಬಂದು ಏನು ಹೇಳ್ತೀರೋ ಅದನ್ನೇ ತಗೋತೀವಿ. ಅಲ್ಲಿವರೆಗೂ ವರದಿ ಮೇಜಿನ ಮೇಲೇ ಇರುತ್ತೆ, ನಿಮ್ಮ ಷಡ್ಡಕರು ಶೆಡ್ಡಲ್ಲೇ ಇರ್ತಾರೆ, ಕುರ್ಚಿ ನಿಮ್ಮದೇ ಆಗಿರುತ್ತೆ.”

ನ್ಯಾಯವಾದ ಮಾತು. ನಾನು ಅವರಿಗೆ ಕಣ್ಣಿನ ಪದರಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಿದೆ.

ಅವರು ಹೋದ ಮೇಲೆ ಕೆಂಡಣ್ಣ ಬಂದ. ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತ. “ಮೂರು ವಾರದಿಂದ ಗೊತ್ತಿತ್ತು ನಿನಗೆ.”

ಹೌದೆಂದೆ.

“ಬಾಯಿ ಬರೋದಕ್ಕೆ ಮಾತ್ರೆ ಬೇಕಾಯ್ತೇನಣ್ಣ ನಿನಗೆ? ಮೊದಲೇ ಹೇಳಿದ್ದರೆ ನಾನೇ ತಂದುಕೊಡ್ತಿದ್ದೆ.”



ಏಪ್ರಿಲ್ 2, ಬುಧವಾರ

ಮಾತ್ರೆ ಅರ್ಧಕ್ಕಿಳಿದಿದೆ. ಊತವೂ ಇಳಿಯುತ್ತಿದೆ. ಮುಖ ಚಂದ್ರನಂತೆ ದುಂಡಗಾಗಿದೆ. ಕ್ವಾರ್ಟರ್ಸ್ ಗೇಟಿನ ಕಾವಲುಗಾರ ಗುರುತಿನ ಚೀಟಿ ಕೇಳಿದ.

ಬಟ್ಟೆ ಅಂಗಡಿಯವನಿಗೆ ಬೆಳಕಿನ ವಕ್ರೀಭವನವನ್ನು ವಿವರಿಸಿದ್ದು ನೆನಪಾಗಿ ನಾಚಿಕೆಯಾಯಿತು. ಹದಿನಾಲ್ಕು ಸೂತ್ರಗಳನ್ನು ಮತ್ತೆ ಓದಿದೆ. ಒಂಬತ್ತನೆಯದು ಕಾರ್ಖಾನೆಯನ್ನು ಪೂರ್ವಕ್ಕೆ ತಿರುಗಿಸಬೇಕೆಂದು ಹೇಳುತ್ತದೆ. ಹರಿದುಹಾಕಿದೆ.

ಹದಿನೈದನೆಯದನ್ನು ಹರಿಯಲಾಗದು, ಅದನ್ನು ಬರೆದೇ ಇರಲಿಲ್ಲ.

ಏಪ್ರಿಲ್ 22, ಮಂಗಳವಾರ

ವೈದ್ಯೆ ಮಾತ್ರೆಯನ್ನು ಇನ್ನಷ್ಟು ಇಳಿಸಿದರು. ಹೆಂಡತಿ ಜೊತೆಗಿದ್ದಳು. ನಾನು ಚೀಟಿ ಮಡಿಸುತ್ತಿರುವಾಗ ಅವಳು ತಗ್ಗಿದ ದನಿಯಲ್ಲಿ, “ಪೂರ್ತಿ ನಿಲ್ಲಿಸಲೇಬೇಕಾ ಡಾಕ್ಟ್ರೇ? ಮಾತಿಗೆ ಅಂತ ಒಂದು ಚೂರು ಉಳಿಸ್ಕೊಳ್ಳೋಕಾಗಲ್ವಾ?” ಎಂದಳು.

ಆಗುವುದಿಲ್ಲ, ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೇ ಪೊರೆ ಬರಬಹುದು ಎಂದು ವೈದ್ಯೆ ಗಂಭೀರವಾಗಿ ವಿವರಿಸಿದರು.

ಬಸ್ಸಿನಿಂದ ಇಳಿಯುವ ಮೊದಲು, ಆ ಹಸಿರು ಸೀರೆ ಈಗ ಎಲ್ಲಿದೆ ಎಂದು ಕೇಳಿದೆ.

ಮೇ 5, ಸೋಮವಾರ

ಇಂದಿನಿಂದ ಮಾತ್ರೆ ಇಲ್ಲ.

ಕಾರಣ ತಿಳಿಯದು ಎಂದೇ ವೈದ್ಯೆ ಬರೆದುಕೊಟ್ಟಿದ್ದಾರೆ. ಮತ್ತೆ ಬರಬಹುದು, ಬಂದರೆ ಬೇರೆ ಔಷಧಿಗಳಿವೆ. ಚೀಟಿಯ ಚೌಕುಳಿಯಲ್ಲಿ ಒಂದು ಗೆರೆ ಇನ್ನೂ ಕೂದಲೆಳೆಯಷ್ಟು ಬಾಗುತ್ತದೆ. ಅದು ಕಲೆ, ಉಳಿಯುತ್ತದೆ ಎಂದರು. ಬೇರೆ ಯಾವ ಕೆಲಸಕ್ಕೂ ಅದು ಅಡ್ಡಿಯಲ್ಲ. ನನ್ನ ಕೆಲಸಕ್ಕೆ ಮಾತ್ರ ಅಡ್ಡಿ.

ಇದನ್ನು ವ್ಯವಸ್ಥಾಪಕರಿಗೆ ಹೇಳದಿದ್ದರೆ ಕುರ್ಚಿ ನನ್ನದೇ. ಸುಮ್ಮನಿರುವುದು ನನಗೆ ಕಷ್ಟದ ಕೆಲಸವೂ ಅಲ್ಲ. ಐವತ್ತೆರಡು ವರ್ಷಗಳ ಅಭ್ಯಾಸವಿದೆ.

ಮೇ 6, ಮಂಗಳವಾರ

ವ್ಯವಸ್ಥಾಪಕರೂ ಸಲಹೆಗಾರರೂ ಕಾಯುತ್ತಿದ್ದರು. “ಬನ್ನಿ, ಬನ್ನಿ. ಮುಖದ ಊತ ಇಳಿದಿದೆ. ಈಗ ಹೇಳಿ, ನಿಮ್ಮದು ಗಾಜು ಡೊಂಕು ಅನ್ನೋ ಮೊದಲಿನ ಮಾತೇ ತಾನೇ? ಹೂಂ ಅಂದರೆ ಸಾಕು,” ಎಂದರು ವ್ಯವಸ್ಥಾಪಕರು.

ಮಾರ್ಚ್‌ನಲ್ಲಿ ಮಾತು ತಾನಾಗಿ ಬಂದಿತ್ತು. ಇಂದು ಬಾವಿಯಿಂದ ಸೇದಬೇಕಾಯಿತು. “ಡೊಂಕು ನನ್ನ ಕಣ್ಣಿನದು,” ಎಂದೆ. “ಗಾಜಿನದಲ್ಲ. ಕೆಂಡಣ್ಣನದಲ್ಲ. ಈಗಲೂ ಒಂದು ಕೂದಲೆಳೆಯಷ್ಟು ಇದೆ. ಕುರ್ಚಿಗೆ ಬೇರೆಯವರನ್ನ ನೋಡಿ.”

ವ್ಯವಸ್ಥಾಪಕರ ಮುಖ ಸಪ್ಪಗಾಯಿತು. ಸಲಹೆಗಾರರು ಮಾತ್ರೆಯ ಪ್ರಭಾವ ಕೆಲಕಾಲ ಉಳಿಯುತ್ತದೆ ಎಂದರು. ಆಗ ನಾನು, ಮಾತಿನಿಂದ ಆಗದು, ಬನ್ನಿ ತೋರಿಸುತ್ತೇನೆ ಎಂದು ಪಟ್ಟೆ ಹಲಗೆಯ ಹತ್ತಿರ ಕರೆದೊಯ್ದೆ. ಆರೋಗ್ಯವಂತ ಕಣ್ಣಿಗೆ ಖಾಲಿ ಚೌಕಟ್ಟಿನಲ್ಲಿ ಪಟ್ಟೆ ನೆಟ್ಟಗೇ ಕಾಣುತ್ತದೆ, ನನಗೆ ಬಾಗಿ ಕಾಣುತ್ತದೆ. ಅದನ್ನು ಒಬ್ಬೊಬ್ಬರಾಗಿ ಕುಳಿತು ಖಚಿತಪಡಿಸಿಕೊಳ್ಳಬಹುದು ಎಂಬುದು ನನ್ನ ಯೋಜನೆಯಾಗಿತ್ತು. ಗಾಜು ಎತ್ತಿಡುವ ಹೆಂಗಸಿಗೆ ಚೌಕಟ್ಟನ್ನು ಖಾಲಿ ಬಿಡಲು ಹೇಳಿದ್ದೆ. ಶೆಡ್ಡಿನಿಂದ ಕೆಂಡಣ್ಣನೂ ಬಂದು ಕಂಬಕ್ಕೆ ಒರಗಿ ನಿಂತ.

ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಸಲಹೆಗಾರರು ಕುರ್ಚಿಯಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಬೆರಳು ಚಾಚಿದರು. “ನೋಡಿ, ಇಲ್ಲೇ ಇದೆಯಲ್ಲ. ಬಲಗಡೆ, ಕೆಳಗೆ. ಎಷ್ಟು ಸ್ಪಷ್ಟವಾಗಿದೆ. ಮೂರನೇ ಕಾರಣದಿಂದ ಆಗಿರೋದು ಇದು.”

ವ್ಯವಸ್ಥಾಪಕರೂ ಬಗ್ಗಿ ನೋಡಿದರು. “ಹಾಂ, ಕಾಣುತ್ತೆ, ಕಾಣುತ್ತೆ.”

“ಸಾರ್,” ಎಂದಳು ಆ ಹೆಂಗಸು, “ಇನ್ನೂ ಇಟ್ಟಿಲ್ಲ.” ಹಾಗೆಂದು ಚೌಕಟ್ಟಿನ ನಡುವಿನಿಂದ ತನ್ನ ಕೈ ತೂರಿಸಿ, ಆಚೆಯಿಂದ ಬೆರಳಾಡಿಸಿದಳು.

ನನಗೆ ಸಲಹೆಗಾರರ ಬಗ್ಗೆ ಮರುಕವಾಯಿತು. “ನನಗೂ ಹೀಗೇ ಶುರುವಾಗಿದ್ದು,” ಎಂದೆ. “ನೋವಿರಲ್ಲ, ಕೆಂಪಾಗಲ್ಲ. ತಡ ಮಾಡಬೇಡಿ, ಇವತ್ತೇ ಕಣ್ಣು ತೋರಿಸಿ. ವೈದ್ಯೆ ಒಳ್ಳೆಯವರು.”

ಮನಃಪೂರ್ವಕವಾಗಿಯೇ ಹೇಳಿದ್ದೆ. ಕೆಂಡಣ್ಣ ಕಂಬ ಹಿಡಿದುಕೊಂಡು ಕುಸಿದು ಕುಳಿತು ಅಷ್ಟೇಕೆ ನಕ್ಕನೋ ತಿಳಿಯದು.

ಮೇ 11, ಭಾನುವಾರ

ಕೆಂಡಣ್ಣ ಗುರುವಾರದಿಂದ ಕುಲುಮೆಗೆ ಮರಳಿದ್ದಾನೆ. ವರದಿಯನ್ನು ಹಿಂತೆಗೆದುಕೊಂಡಿಲ್ಲ, ಅದಕ್ಕೆ ಎಂಟನೆಯ ಕಾರಣವಾಗಿ ನನ್ನ ಕಣ್ಣನ್ನು ಸೇರಿಸಿದ್ದಾರೆ. ಪಟ್ಟೆ ಹಲಗೆಯ ಮುಂದೆ ಈಗ ಎರಡು ಕುರ್ಚಿಗಳಿವೆ, ಇಬ್ಬರು ಕೂರುತ್ತಾರೆ, ಇಬ್ಬರ ಮಾತೂ ಹೊಂದಬೇಕು. ಅದು ನನ್ನ ಸಲಹೆ. ಆ ಕುರ್ಚಿಗಳಲ್ಲಿ ನಾನಿಲ್ಲ. ಹೊಸಬರಿಗೆ ಕಲಿಸುವ ಕೆಲಸ ಕೊಟ್ಟಿದ್ದಾರೆ; ಎರಡೂ ಕಣ್ಣು ತೆರೆದು ನೋಡಿ, ಆಮೇಲೆ ಒಂದೊಂದಾಗಿ ಮುಚ್ಚಿ ನೋಡಿ, ದಿನಕ್ಕೊಮ್ಮೆ ಖಾಲಿ ಚೌಕಟ್ಟನ್ನೂ ನೋಡಿ ಎನ್ನುತ್ತೇನೆ.

ಸಂಜೆ ಷಡ್ಡಕ, ನಾದಿನಿ ಬಂದಿದ್ದರು. ಅವನು ಚಪ್ಪಲಿಯನ್ನು ಹೊರಗೆ ಬಿಟ್ಟ. ನಾನು ಕೇಳಬೇಕಾದ ಕ್ಷಮೆಯನ್ನು ನಾಲ್ಕು ವಾಕ್ಯಗಳಲ್ಲಿ ಸಿದ್ಧಪಡಿಸಿಕೊಂಡಿದ್ದೆ. ಮೊದಲನೆಯದು ಮುಗಿಯುವಷ್ಟರಲ್ಲೇ ಅವನು, “ಸಾಕು ಬಿಡಣ್ಣ, ಮತ್ತೆ ಮಾತ್ರೆ ಶುರು ಮಾಡಿದ್ದೀಯಾ?” ಎಂದ. ಉಳಿದ ಮೂರನ್ನೂ ಹೇಳಿಯೇ ತೀರಿದೆ. ಅವನು ಸೂರು ನೋಡುತ್ತ ಕೇಳಿದ.

ಹೆಂಡತಿ ಹಸಿರು ಸೀರೆ ಉಟ್ಟಿದ್ದಳು. ಅಂಚಿನಲ್ಲಿ ಬೊಟ್ಟುಗಳಿಲ್ಲ, ಬಳ್ಳಿಯಿದೆ. ನನಗೆ ನೆನಪಿದ್ದುದು ತಪ್ಪು.

ಅವರು ಹೊರಟ ಮೇಲೆ ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಗುಂಡಿನ ದಾರವನ್ನು ಮತ್ತೆ ಇಳಿಬಿಟ್ಟೆ. ಗುಂಡು ತೂಗಾಡಿ ನಿಂತಿತು. ಬಲಗಣ್ಣಿಗೆ ಅದು ಇನ್ನೂ ತುಸು ಬಾಗಿತ್ತು, ಎಡಗಣ್ಣಿಗೆ ನೆಟ್ಟಗಿತ್ತು. ಹೆಂಡತಿಯನ್ನು ಕರೆದು, ನೀನು ನೋಡು ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡಿದಳು. “ನೆಟ್ಟಗಿದೆ,” ಎಂದಳು.

ಬರೆದುಕೊಂಡೆ: ನೆಟ್ಟಗಿದೆ.